ಕನಸಲ್ಲಿ ನಾಗಪ್ಪ ಬಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಊರು. ಕಣ್ಣು ಹಾಯಿಸಿದ ಕಡೆಯೆಲ್ಲ ಕಬ್ಬು, ಭತ್ತ. ಬೆಳೆ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಹಾವು. ಊರ ಮುಂದಿನ ಅರಳಿಕಟ್ಟೆಯಲ್ಲಿ ಐದು ನಾಗರಕಲ್ಲುಗಳಿವೆ. ಅವುಗಳ ಪೂಜೆ ನಮ್ಮ ಮನೆಯದ್ದು. ತಾತ ಮಾಡುತ್ತಿದ್ದರು, ಆಮೇಲೆ ಅಪ್ಪ, ಈಗ ನಾನು. ಪೂಜೆಗೆ ಬಂದವರು ಹಣ್ಣುಕಾಯಿ ಕೊಟ್ಟು ಸುಮ್ನೆ ಹೋಗುವುದಿಲ್ಲ. ಸ್ವಲ್ಪ ಹೊತ್ತು ನಿಂತು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, "ರಾತ್ರಿ ಕನಸಲ್ಲಿ ಹುಳ ಕಾಣಿಸ್ಕೊಂಡಿತ್ತು" ಅನ್ನುತ್ತಾರೆ. ಹಾವು ಅಂತ ಬಾಯಿಬಿಟ್ಟು ಹೇಳುವವರು ಕಡಿಮೆ. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ನಾನು ಜ್ಯೋತಿಷ್ಯ ಕಲಿತವನಲ್ಲ. ತಾತನಿಂದ ಕೇಳಿದ್ದು, ಓದಿ ತಿಳಿದದ್ದು, ಕಟ್ಟೆಯ ಮೇಲೆ ಕೂತು ಕಂಡದ್ದು, ಇಷ್ಟೇ ನನ್ನ ಬಂಡವಾಳ.

ಹಾವಿನ ಕನಸು ಒಳ್ಳೆಯದಾ, ಕೆಟ್ಟದ್ದಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ತಿರುಗಿ ಒಂದು ಮಾತು ಕೇಳುತ್ತೇನೆ: ಎದ್ದಾಗ ನಿಮಗೆ ಹೇಗನ್ನಿಸಿತು? ಎದೆ ಡವಡವ ಅಂತಿತ್ತಾ, ಇಲ್ಲ ಕೈ ತಾನಾಗಿ ಮುಗಿಯಿತಾ? ಒಂದೇ ಥರದ ಹೆಡೆ ಕಂಡ ಇಬ್ಬರಲ್ಲಿ ಒಬ್ಬರು ಬೆವೆತು ಏಳುತ್ತಾರೆ. ಇನ್ನೊಬ್ಬರು ದೇವಸ್ಥಾನಕ್ಕೆ ಹೋಗಿ ಬಂದ ಹಾಗೆ ಹಗುರಾಗಿ ಏಳುತ್ತಾರೆ. ಅರ್ಥ ಹುಡುಕುವುದನ್ನು ಅಲ್ಲಿಂದಲೇ ಶುರು ಮಾಡಬೇಕು.

ನಮ್ಮ ಸುತ್ತಲಿನ ದೇವರುಗಳನ್ನೇ ನೋಡಿ. ಶ್ರೀರಂಗಪಟ್ಟಣದ ರಂಗನಾಥ ಮಲಗಿರುವುದು ಆದಿಶೇಷನ ಮೇಲೆ. ಹಾಸಿಗೆಯೂ ಅವನೇ, ನೆರಳೂ ಅವನೇ. ಮೇಲುಕೋಟೆಯಲ್ಲಿ ವರ್ಷಗಟ್ಟಲೆ ಇದ್ದ ರಾಮಾನುಜಾಚಾರ್ಯರನ್ನು ಭಕ್ತರು ಆದಿಶೇಷನ ಅವತಾರ ಅಂತಲೇ ನಂಬುತ್ತಾರೆ. ಶಿವನ ಕೊರಳಲ್ಲಿ ಹಾವು, ಗಣಪತಿಯ ಹೊಟ್ಟೆಗೆ ಹಾವಿನ ಪಟ್ಟಿ. ಇನ್ನು ಚಾಮುಂಡಿ ಬೆಟ್ಟ ಹತ್ತಿದರೆ, ಮಹಿಷಾಸುರ ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಹಾವು ಹಿಡಿದು ನಿಂತಿದ್ದಾನೆ. ಕಾಯುವವರ ಹತ್ತಿರವೂ ಹಾವಿದೆ, ಕಾಡುವವನ ಹತ್ತಿರವೂ ಇದೆ. ನನ್ನ ಮಟ್ಟಿಗೆ ಕನಸಿನ ಹಾವು ಅಂದರೆ ನಮ್ಮೊಳಗೆ ಎದ್ದ ಒಂದು ಬಲ. ಅದು ಸಿಟ್ಟಿರಬಹುದು, ಆಸೆ ಇರಬಹುದು, ಭಕ್ತಿ ಇರಬಹುದು. ಯಾರ ಕೈಗೆ ಸಿಕ್ಕಿದೆ ಅನ್ನೋದರ ಮೇಲೆ ಅದರ ಗುಣ.

ಹರಕೆ ಮರೆತಿದ್ದಕ್ಕೆ ನಾಗಪ್ಪ ಕನಸಲ್ಲಿ ಬಂದು ಕೇಳ್ತಾನಂತೆ, ನಿಜವಾ?

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಹಿತ್ತಲಲ್ಲಿ ಒಂದು ಹುತ್ತ ಇತ್ತು. ಪ್ರತಿ ವರ್ಷ ಶ್ರಾವಣದ ನಾಗರ ಪಂಚಮಿಗೆ ಅಮ್ಮ ಅದಕ್ಕೆ ತನಿ ಎರೆಯುತ್ತಿದ್ದಳು. ಮನೆ ಕಟ್ಟಿಸಿದ ವರ್ಷ ಎಲ್ಲ ಗಡಿಬಿಡಿ. ಮರಳು ತಂದವರು ಹುತ್ತಕ್ಕೆ ಒರಗಿಸಿಯೇ ಸುರಿದು ಹೋದರು. ಅಮ್ಮ ನೋಡಿದಳು, "ಆಮೇಲೆ ತೆಗೆಸಿದ್ರಾಯ್ತು" ಅಂದಳು. ಪಂಚಮಿ ಹಾಗೇ ಕಳೆದು ಹೋಯಿತು.

ಒಂದು ವಾರಕ್ಕೆ ಕನಸು ಬಿತ್ತು. ಹಾವು ಬಾಗಿಲ ಹತ್ತಿರ ಸುಮ್ನೆ ಮಲಗಿದೆ, ಮೈಮೇಲೆಲ್ಲ ಸಿಮೆಂಟು ಧೂಳು. ಹೆಡೆ ಎತ್ತಲಿಲ್ಲ, ಬುಸುಗುಟ್ಟಲಿಲ್ಲ. ಅಮ್ಮ ನಾಲ್ಕು ಗಂಟೆಗೇ ಎದ್ದು, ಯಾರನ್ನೂ ಎಬ್ಬಿಸದೆ, ಬಾಂಡ್ಲಿ ಹಿಡಿದು ಮರಳು ಹೊರಲು ಶುರು ಮಾಡಿದ್ದಳು. ನಾವು ಏಳುವಷ್ಟರಲ್ಲಿ ಹುತ್ತದ ಒಂದು ಪಕ್ಕ ಪೂರ್ತಿ ಬಿಡಿಸಿದ್ದಳು. ಅಂಗೈಯಲ್ಲಿ ಎರಡು ಬೊಬ್ಬೆ. ಅವತ್ತೇ ಚಿಗಳಿ, ತಂಬಿಟ್ಟು ಮಾಡಿ ಪೂಜೆ ಮುಗಿಸಿದಳು.

ಅದು ನಾಗಪ್ಪನೇ ಬಂದಿದ್ದಾ, ಇಲ್ಲ ಅಮ್ಮನ ಮನಸ್ಸಿನ ಚುಚ್ಚಾ ಅಂತ ನಾನು ತಾತನನ್ನು ಕೇಳಿದೆ. "ನಾಗಪ್ಪ ಬರೋದಾದ್ರೂ ಮನಸ್ಸಿನ ಬಾಗಿಲಿಂದಲೇ ಬರಬೇಕಲ್ಲಪ್ಪ" ಅಂದರು. ನನಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕಿಲ್ಲ. ಹಾಗಾಗಿ ನಿಮಗೂ ಅಂಥ ಕನಸು ಬಿದ್ದರೆ, ಬಿಟ್ಟುಹೋದ ಹರಕೆ ಇದ್ದರೆ ತೀರಿಸಿ. ಹರಕೆ ಇಲ್ಲದಿದ್ದರೆ "ಆಮೇಲೆ ನೋಡೋಣ" ಅಂತ ಮುಂದಕ್ಕೆ ಹಾಕಿದ ಕೆಲಸ ಯಾವುದು ಅಂತ ಯೋಚಿಸಿ. ಮಾತು ಬಿಟ್ಟ ತಮ್ಮ ಇರಬಹುದು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗದ ಅಪ್ಪ ಇರಬಹುದು.

ಬೆಳಗಿನ ಜಾವದ ಕನಸು ನಿಜವಾಗುತ್ತೆ ಅಂತಾರೆ, ಹೌದಾ?

ಈ ಮಾತಿಗೆ ಬಹಳ ಹಳೆಯ ಬೇರಿದೆ. ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆಯಲ್ಲಿ ಕನಸುಗಳನ್ನು ಏಳು ಬಗೆ ಮಾಡಿದ್ದಾರೆ. ಕಣ್ಣಾರೆ ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಇವು ಐದು. ಮುಂದಾಗುವುದನ್ನು ತೋರಿಸುವುದು ಒಂದು. ಮೈಯಲ್ಲಿ ವಾತ, ಪಿತ್ತ, ಕಫ ಕೆಟ್ಟು ಬೀಳುವುದು ಇನ್ನೊಂದು. ಇದರಲ್ಲಿ ಮೊದಲ ಐದಕ್ಕೆ ಫಲವೇ ಇಲ್ಲ ಅಂತ ಅಲ್ಲೇ ಬರೆದಿದೆ. ಅಂದರೆ ಸಂಜೆ ಗದ್ದೆ ಬದುವಲ್ಲಿ ಕೇರೆ ಹಾವು ನೋಡಿ ರಾತ್ರಿ ಕನಸಲ್ಲೂ ಕಂಡರೆ, ಅದಕ್ಕೆ ಶಾಸ್ತ್ರವೇ ಅರ್ಥ ಕೊಡುವುದಿಲ್ಲ. ಮಲಗುವ ಮುಂಚೆ ಮೊಬೈಲಲ್ಲಿ ಹಾವು ಹಿಡಿಯುವ ವಿಡಿಯೋ ನೋಡಿದವರಿಗೂ ಇದೇ ಮಾತು.

ರಾತ್ರಿಯ ಮೊದಲ ಭಾಗದ ಕನಸಿಗೆ ಫಲ ಕಡಿಮೆ, ಕಂಡ ಮೇಲೆ ಮತ್ತೆ ನಿದ್ದೆ ಬಾರದ ಕನಸಿಗೆ ಫಲ ಜಾಸ್ತಿ ಅಂತಲೂ ಅದರಲ್ಲಿದೆ. ಈಗಿನ ವಿಜ್ಞಾನ ಇನ್ನೊಂದು ಕಡೆಯಿಂದ ಬಂದು ಇಲ್ಲೇ ನಿಂತಿದೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ಒಂದು ಬಗೆಯ ನಿದ್ದೆಯನ್ನು 1953ರಲ್ಲಿ ಗುರುತಿಸಿದರು. ಸ್ಪಷ್ಟವಾದ ಕನಸುಗಳು ಜಾಸ್ತಿ ಬೀಳುವುದು ಆಗಲೇ. ಸುಮಾರು ಒಂದೂವರೆ ಗಂಟೆಗೊಮ್ಮೆ ಅದು ಬರುತ್ತೆ, ಬೆಳಗಾಗುತ್ತಾ ಹೋದಂತೆ ಉದ್ದವಾಗುತ್ತೆ. ಆ ಹೊತ್ತಲ್ಲಿ ಎಚ್ಚರವಾದರೆ ಕನಸು ಅಚ್ಚೊತ್ತಿದ ಹಾಗೆ ನೆನಪಿರುತ್ತೆ. ಬೆಳಗಿನ ಜಾವದ ಕನಸು ನಮ್ಮನ್ನು ಇಡೀ ದಿನ ಕಾಡುವುದಕ್ಕೆ ಇದೊಂದು ಕಾರಣ.

ಚರಕರ ಇನ್ನೊಂದು ಮಾತು ನನಗೆ ತುಂಬಾ ಇಷ್ಟ. ಕೆಟ್ಟ ಕನಸು ಕಂಡು, ಮತ್ತೆ ಮಲಗಿ, ಒಳ್ಳೆಯ ಕನಸು ಕಂಡರೆ ಫಲ ಒಳ್ಳೆಯದೇ ಅಂತೆ. ಹೆದರಿ ಎದ್ದು ಕೂತವರಿಗೆ ನಾನು ಇದನ್ನೇ ಹೇಳುತ್ತೇನೆ: ಒಂದು ಲೋಟ ನೀರು ಕುಡಿದು ಮತ್ತೆ ಮಲಗಿ.

ಹಾವು ಕಚ್ಚಿದ ಹಾಗೆ ಕನಸು ಬಿತ್ತು. ಅಪಶಕುನ ಅಲ್ವಾ?

ಹಾಗೆ ಹೆದರಬೇಕಾಗಿಲ್ಲ. ಹಳೆಯ ಸ್ವಪ್ನಶಾಸ್ತ್ರದಲ್ಲಿ ಬಿಳಿ ಹಾವು ಬಲಗೈಗೆ ಕಚ್ಚಿದರೆ ಧನಲಾಭ ಅಂತಿದೆ. ನಮ್ಮ ಹಳ್ಳಿಗಳಲ್ಲೂ "ಕಚ್ಚಿತಾ? ಹಂಗಾದ್ರೆ ಹಿಡಿದ ದೆಸೆ ಬಿಡ್ತು ಬಿಡು" ಅನ್ನುವ ಅಜ್ಜಿಯರಿದ್ದಾರೆ. ಅಟ್ಟಿಸಿಕೊಂಡು ಬಂದದ್ದು ಕಚ್ಚಿದ ಮೇಲೆ ಇನ್ನು ಓಡುವ ಕೆಲಸ ಇಲ್ಲ ಅನ್ನುವ ಲೆಕ್ಕ.

ನನಗೆ ಇಲ್ಲಿ ನಂಜನಗೂಡು ನೆನಪಾಗುತ್ತೆ. ನಂಜು ಉಂಡವನು ನಂಜುಂಡ. ವಿಷ ಕುಡಿದ, ಆದರೆ ಅದನ್ನು ಹೊಟ್ಟೆಗೂ ಇಳಿಸಲಿಲ್ಲ, ಇನ್ನೊಬ್ಬರ ಮೇಲೂ ಉಗುಳಲಿಲ್ಲ, ಕೊರಳಲ್ಲೇ ಹಿಡಿದಿಟ್ಟ. ಕಚ್ಚಿದ ಕನಸು ಕಂಡವರ ಜೊತೆ ಸ್ವಲ್ಪ ಹೊತ್ತು ಮಾತಾಡಿದರೆ, ಹೆಚ್ಚಿನ ಸಲ ಯಾರೋ ಆಡಿದ ಒಂದು ವಿಷದ ಮಾತು ಈಚೆಗೆ ಬರುತ್ತೆ. ನಾದಿನಿ ಅಂದದ್ದು, ಆಫೀಸಲ್ಲಿ ಎಲ್ಲರ ಮುಂದೆ ಅನ್ನಿಸಿಕೊಂಡದ್ದು. ಅದು ಮೈಗೆ ಏರುತ್ತಾ ಇರುತ್ತೆ. ಅಂಥವರಿಗೆ ನಂಜನಗೂಡಿಗೆ ಹೋಗಿ ಕಪಿಲೆಯಲ್ಲಿ ಮಿಂದು ಬನ್ನಿ ಅನ್ನುತ್ತೇನೆ. ಹೋಗಿ ಬಂದ ಮೇಲೆ ಆ ಮಾತು ಆಡಿದವರ ಜೊತೆ ಒಂದು ಸಲ ನೇರವಾಗಿ ಮಾತಾಡಿ ಅಂತಲೂ ಹೇಳುತ್ತೇನೆ.

ಕನಸಲ್ಲಿ ಕಚ್ಚಿತು ಅಂದುಕೊಂಡೆ, ಎದ್ದ ಮೇಲೆ ಮೈ ಹುಷಾರಿಲ್ಲ. ಏನು ಮಾಡಲಿ?

ಈ ಪ್ರಶ್ನೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಕಡೆ ಕಟ್ಟು ಹಾವು ಇದೆ. ಕಪ್ಪು ಮೈ, ಅಡ್ಡಕ್ಕೆ ತೆಳ್ಳನೆಯ ಬಿಳಿ ಪಟ್ಟೆ. ರಾತ್ರಿ ಓಡಾಡುತ್ತೆ, ನೆಲದ ಮೇಲೆ ಮಲಗಿದವರ ಹಾಸಿಗೆಗೂ ಬರುತ್ತೆ. ಅದರ ಹಲ್ಲು ಎಷ್ಟು ಸಣ್ಣದು ಅಂದರೆ ಕಚ್ಚಿದ ಗುರುತೇ ಕಾಣದೆ ಹೋಗಬಹುದು, ನೋವೂ ಆಗದೆ ಇರಬಹುದು. ಮಲಗಿದ್ದವರು ಇರುವೆ ಕಚ್ಚಿತೇನೋ, ಕನಸೇನೋ ಅಂದುಕೊಂಡು ಮಗ್ಗುಲು ಬದಲಿಸುತ್ತಾರೆ.

ಎದ್ದ ಮೇಲೆ ಹೊಟ್ಟೆ ಹಿಂಡಿದ ಹಾಗೆ ನೋವು, ವಾಂತಿ, ರೆಪ್ಪೆ ಎತ್ತಲು ಆಗದಿರುವುದು, ಎರಡೆರಡು ಕಾಣುವುದು, ಎಂಜಲು ನುಂಗಲು ಕಷ್ಟ, ಮಾತು ತೊದಲುವುದು, ಇದರಲ್ಲಿ ಒಂದು ಇದ್ದರೂ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಮೈಸೂರಿನವರು ಕೆ.ಆರ್. ಆಸ್ಪತ್ರೆಗೆ, ಮಂಡ್ಯದವರು ಮಿಮ್ಸ್‌ಗೆ, ಅದಕ್ಕಿಂತ ಹತ್ತಿರ ದೊಡ್ಡ ಆಸ್ಪತ್ರೆ ಇದ್ದರೆ ಅಲ್ಲಿಗೆ ಹೋಗಿ. ಹಗ್ಗ ಬಿಗಿದು ಕಟ್ಟಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. ಆಸ್ಪತ್ರೆಯಲ್ಲಿ ಕೊಡುವ ವಿಷ ನಿರೋಧಕ ಚುಚ್ಚುಮದ್ದೇ ಇದಕ್ಕೆ ಮದ್ದು. 2024ರಿಂದ ನಮ್ಮ ರಾಜ್ಯದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಅಷ್ಟು ದೊಡ್ಡ ವಿಷಯ ಇದು. ಮಳೆಗಾಲದಲ್ಲಿ ಮಂಚದ ಮೇಲೆ, ಸೊಳ್ಳೆಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸಿ ಮಲಗಿ. ಪೂಜೆಯನ್ನು ವಾಸಿಯಾದ ಮೇಲೆ ಮಾಡಿದರೆ ನಾಗಪ್ಪ ಏನೂ ಅಂದುಕೊಳ್ಳುವುದಿಲ್ಲ.

ಕನಸಲ್ಲಿ ಹಾವನ್ನು ಕೊಂದುಬಿಟ್ಟೆ. ಪಾಪ ತಟ್ಟುತ್ತಾ?

ಕನಸಲ್ಲಿ ಮಾಡಿದ್ದಕ್ಕೆ ಪಾಪ ಇಲ್ಲ. ಸ್ವಪ್ನಶಾಸ್ತ್ರ ಹೇಳುವವರು ಅದನ್ನು ಶತ್ರುವಿನ ಮೇಲೆ ಗೆಲುವು ಅನ್ನುತ್ತಾರೆ. ಮನಸ್ಸು ಕೊರೆಯುತ್ತಿದ್ದರೆ ಮಾತ್ರ ಒಂದು ದೀಪ ಹಚ್ಚಿ.

ಕಪ್ಪು ಹಾವು, ಬಿಳಿ ಹಾವು, ಹಳದಿ ಹಾವು ಅಂತ ಅರ್ಥ ಬೇರೆ ಬೇರೆನಾ?

ಬಿಳಿ ಶುಭ, ಕಪ್ಪು ಕಷ್ಟ, ಹಳದಿ ಬಂಗಾರ ಅಂತ ಪಂಚಾಂಗದ ಹಿಂದೆ ಅಚ್ಚು ಹಾಕಿರುತ್ತಾರೆ. ನಾನು ಇದಕ್ಕೆ ಜಾಸ್ತಿ ಬೆಲೆ ಕೊಡುವುದಿಲ್ಲ. ನಮ್ಮ ನಾಗರಕಲ್ಲುಗಳೇ ಎಣ್ಣೆ ಕುಡಿದು ಕಪ್ಪಗಿವೆ, ಅವುಗಳ ಮುಂದೆ ನಿಂತು ಯಾರೂ ಕಪ್ಪು ಅಶುಭ ಅನ್ನುವುದಿಲ್ಲ.

ಎರಡು ಹಾವು ಹೆಣೆದುಕೊಂಡಿರುವುದು ಕಂಡಿತು. ಮಕ್ಕಳಾಗುವ ಸೂಚನೆನಾ?

ನಾಗರಕಲ್ಲಿನ ಮೇಲೆ ಹೆಣೆದುಕೊಂಡ ಎರಡು ಹಾವುಗಳನ್ನು ಕೆತ್ತಿರುತ್ತಾರೆ. ಮಕ್ಕಳಿಲ್ಲದವರು ಹರಕೆ ಹೊತ್ತು ಅರಳಿ, ಬೇವು ಜೊತೆಯಲ್ಲಿರುವ ಕಟ್ಟೆಯಲ್ಲಿ ಅಂಥ ಕಲ್ಲು ಪ್ರತಿಷ್ಠೆ ಮಾಡಿಸುತ್ತಾರೆ. ನಮ್ಮ ಕಟ್ಟೆಯ ಐದರಲ್ಲಿ ಎರಡು ಹಾಗೆ ಬಂದವೇ. ಆದ್ದರಿಂದ ಈ ಕನಸು ಕಂಡ ಹೆಣ್ಣುಮಕ್ಕಳ ಮುಖದಲ್ಲಿ ಆಸೆ ಚಿಗುರುವುದು ನನಗೆ ಅರ್ಥವಾಗುತ್ತೆ. ಆ ಆಸೆಯನ್ನು ನಾನು ಚಿವುಟುವುದಿಲ್ಲ. ಇಬ್ಬರೂ ಒಂದು ಸಲ ಡಾಕ್ಟರನ್ನು ನೋಡಿ ಬನ್ನಿ ಅಂತ ಮಾತ್ರ ಸೇರಿಸುತ್ತೇನೆ. ಇಬ್ಬರೂ ಅಂದರೆ ಗಂಡನೂ.

ಅಂದ ಹಾಗೆ, ಗದ್ದೆಯಲ್ಲಿ ಎರಡು ಕೇರೆ ಹಾವು ಹೆಣೆದುಕೊಂಡು ಮೇಲೆದ್ದು ಆಡುವುದು ಕಂಡರೆ, ಅವು ಹೆಚ್ಚಾಗಿ ಎರಡೂ ಗಂಡೇ ಆಗಿರುತ್ತವೆ. ಅದು ಜಗಳ. ಒಳ್ಳೆಯದಾಗುತ್ತೆ ಅಂತ ಟವಲ್ ಹಾಸಲು ಹತ್ತಿರ ಹೋಗಬೇಡಿ.

ಬಸುರಿಗೆ ಹಾವಿನ ಕನಸು ಬಿದ್ದರೆ ಗಂಡು ಮಗುನಾ?

ಕನಸಿಗೂ ಅದಕ್ಕೂ ಸಂಬಂಧ ಇಲ್ಲ. ಬಸುರಿಯರಿಗೆ ರಾತ್ರಿ ಪದೇ ಪದೇ ಎಚ್ಚರವಾಗುತ್ತೆ, ಅದಕ್ಕೇ ಕನಸುಗಳು ಜಾಸ್ತಿ ನೆನಪಿರುತ್ತವೆ. ಅವಳಿಗೆ ಬೇಕಾಗಿರುವುದು ಒಳ್ಳೆಯ ನಿದ್ದೆ, ಪಕ್ಕದಲ್ಲಿ ಒಬ್ಬರು.

ಇದು ಸರ್ಪದೋಷನಾ? ಕುಕ್ಕೆಗೆ ಹೋಗಲೇಬೇಕಾ?

ಇಲ್ಲಿ ಸ್ವಲ್ಪ ಖಡಾಖಂಡಿತವಾಗಿ ಮಾತಾಡಬೇಕು. ಬರೀ ಕನಸು ಬಿತ್ತು ಅನ್ನುವ ಒಂದೇ ಕಾರಣಕ್ಕೆ ಸರ್ಪದೋಷ ಇದೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಜ್ಯೋತಿಷ್ಯದಲ್ಲಿ ದೋಷ ನೋಡುವುದು ಜಾತಕದ ರಾಹು ಕೇತುಗಳಿಂದ. ಕಾಳಸರ್ಪ ಯೋಗ ಅನ್ನುವುದಂತೂ ಹಳೆಯ ಮೂಲ ಗ್ರಂಥಗಳಲ್ಲಿ ಇಲ್ಲ ಅಂತ ಹೇಳುವ ಜ್ಯೋತಿಷಿಗಳೇ ಬೇಕಾದಷ್ಟು ಜನ ಇದ್ದಾರೆ.

ಪಕ್ಕದ ಊರಿನ ಒಬ್ಬ ಹೆಣ್ಣುಮಗಳು ಮೂರು ರಾತ್ರಿ ಹಾವಿನ ಕನಸು ಕಂಡು ಒಬ್ಬರ ಹತ್ತಿರ ಕೇಳಲು ಹೋದಳು. ಗಂಡನಿಗೆ ಗಂಡಾಂತರ ಇದೆ, 45 ಸಾವಿರ ಆಗುತ್ತೆ ಅಂದರಂತೆ. ಅವಳು ಓಲೆ ಅಡ ಇಟ್ಟಳು. ಪೂಜೆ ಆದ ವಾರಕ್ಕೆ ಮತ್ತೆ ಅದೇ ಕನಸು. ಆಗ ನಮ್ಮ ಕಟ್ಟೆಗೆ ಬಂದು ಕೂತಳು. ಅವಳು ಪದೇ ಪದೇ ಬರಿಗಿವಿ ಮುಟ್ಟಿಕೊಳ್ಳುತ್ತಿದ್ದಳು. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಮಾತಾಡುತ್ತಾ ಹೋದ ಮೇಲೆ ಗೊತ್ತಾಯಿತು, ಆರು ತಿಂಗಳಿಂದ ಸಂಘದ ಸಾಲದ ಕಂತು ಕಟ್ಟಲು ಆಗಿರಲಿಲ್ಲ, ಗಂಡನಿಗೆ ಹೇಳಿರಲಿಲ್ಲ. ಅವಳ ಹಾವು ಅದು. ಅವಳನ್ನು ಹೆದರಿಸಿ ಕಳಿಸಿದವರು ಆ ಸಾಲವನ್ನು ಇನ್ನೂ ದೊಡ್ಡದು ಮಾಡಿದ್ದರು.

ಕುಕ್ಕೆಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ನಾನೂ ಹೋಗಿ ಬಂದಿದ್ದೇನೆ. ಅಲ್ಲಿ ಎರಡು ದಿನ ಮಾಡುವ ಸರ್ಪ ಸಂಸ್ಕಾರ ಅಂದರೆ ಸತ್ತ ಹಾವಿಗೆ ಮಾಡುವ ಉತ್ತರಕ್ರಿಯೆ. ನೀವೋ ಹಿರಿಯರೋ ಹಾವು ಕೊಂದಿದ್ದು ಮನಸ್ಸಲ್ಲಿ ಉಳಿದಿದ್ದರೆ, ಅದನ್ನು ಮಾಡಿ ಬಂದವರ ಮನಸ್ಸು ತಣ್ಣಗಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಶ್ಲೇಷ ಬಲಿ ಬೇರೆ ಸೇವೆ. ದೇವಸ್ಥಾನದ ಕೌಂಟರಲ್ಲಿ ದರ ಹಾಕಿರುತ್ತಾರೆ, ರಸೀದಿ ಕೊಡುತ್ತಾರೆ. ಮಧ್ಯೆ ಯಾರ ಕೈಗೂ ದುಡ್ಡು ಕೊಡಬೇಡಿ.

ಅಷ್ಟು ದೂರ ಹೋಗಲು ಆಗದವರಿಗೆ ಮೈಸೂರು ಬೆಂಗಳೂರು ರಸ್ತೆಯ ಸಿದ್ದಲಿಂಗಪುರದಲ್ಲೇ ಸುಬ್ರಹ್ಮಣ್ಯ ಇದ್ದಾನೆ. ಮಾರ್ಗಶಿರದ ಷಷ್ಠಿಯ ದಿನ ನಸುಕಿನಲ್ಲೇ ಸಾಲು ಶುರುವಾಗುತ್ತೆ. ಅದೂ ಆಗದಿದ್ದರೆ ನಿಮ್ಮೂರ ಅರಳಿಕಟ್ಟೆ. ಒಂದು ಚೊಂಬು ನೀರು, ಚೂರು ಅರಿಶಿನ, ನಾಲ್ಕು ಹೂವು ಸಾಕು.

ಧ್ಯಾನ ಶುರು ಮಾಡಿದ ಮೇಲೆ ಹಾವಿನ ಕನಸು ಜಾಸ್ತಿ ಆಗಿದೆ. ಕುಂಡಲಿನಿ ಎದ್ದಿದೆಯಾ?

ಮೈಸೂರಿನ ಗೋಕುಲಂ ಕಡೆ ಯೋಗ ಕಲಿಯುವವರು ಇದನ್ನು ಕೇಳುತ್ತಾರೆ. ಬೆನ್ನುಹುರಿಯ ಬುಡದಲ್ಲಿ, ಮೂಲಾಧಾರದಲ್ಲಿ, ಮೂರೂವರೆ ಸುತ್ತು ಸುತ್ತಿಕೊಂಡು ಮಲಗಿದ ಹಾವಿನ ಹಾಗೆ ಕುಂಡಲಿನಿ ಇರುತ್ತೆ ಅಂತ ಯೋಗದ ಗ್ರಂಥಗಳು ಹೇಳುತ್ತವೆ. ಹಾವು ಮೇಲೇರುವ ಕನಸನ್ನು ಅದಕ್ಕೆ ಜೋಡಿಸುವುದು ಸಹಜ. ಆದರೆ ಕನಸು ಒಂದೇ ಅದಕ್ಕೆ ಗುರುತಾಗಲಾರದು. ನಿಮ್ಮ ಸಿಟ್ಟು ಕಡಿಮೆ ಆಗಿದೆಯಾ? ಊಟ, ನಿದ್ದೆ ಹದಕ್ಕೆ ಬಂದಿದೆಯಾ? ಮನೆಯವರನ್ನು ಕೇಳಿ ನೋಡಿ, ಅವರಿಗೆ ಗೊತ್ತಿರುತ್ತೆ. ತಲೆ ಸುತ್ತು, ನಿದ್ದೆ ಇಲ್ಲ, ಎದೆ ನಡುಕ ಅಂತಿದ್ದರೆ ಅಭ್ಯಾಸ ನಿಲ್ಲಿಸಿ, ಕಲಿಸಿದವರನ್ನೂ ಡಾಕ್ಟರನ್ನೂ ಕಾಣಿ.

ತಿಂಗಳಾಯಿತು, ಅದೇ ಕನಸು. ಮಲಗೋಕೇ ಭಯ.

ಮಬ್ಬುಗತ್ತಲಲ್ಲಿ ಹಗ್ಗ ಹಾವಿನ ಹಾಗೆ ಕಾಣುತ್ತೆ, ದೀಪ ತಂದರೆ ಹಗ್ಗವೇ. ವೇದಾಂತಿಗಳು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಹೇಳುತ್ತಾ ಬಂದ ಉದಾಹರಣೆ ಇದು. ನೀವೂ ದೀಪ ತರಬೇಕು. ಹಗಲು ಹೊತ್ತು, ಬೆಳಕಲ್ಲಿ ಕೂತು, ಆ ಕನಸನ್ನು ಮೊದಲಿಂದ ನೆನಪಿಸಿಕೊಳ್ಳಿ. ಕೊನೆಯನ್ನು ನೀವೇ ಬದಲಾಯಿಸಿ. ಹಾವು ತಿರುಗಿ ಹುತ್ತಕ್ಕೆ ಹೋಗಲಿ. ಇಲ್ಲ ನೀವೇ ದಾರಿ ಬಿಟ್ಟು ನಿಂತು ಕೈ ಮುಗಿಯಿರಿ. ಈ ಹೊಸ ಕನಸನ್ನು ದಿನಾ ಹತ್ತು ನಿಮಿಷ ಮನಸ್ಸಲ್ಲೇ ಓಡಿಸಿ. ಮನೋವೈದ್ಯರು ಕೆಟ್ಟ ಕನಸುಗಳಿಗೆ ಇದೇ ಥರದ ಅಭ್ಯಾಸ ಹೇಳಿಕೊಡುತ್ತಾರೆ.

ಹೊಸದಾಗಿ ಬಿಪಿ ಮಾತ್ರೆ ಶುರು ಮಾಡಿದ್ದೀರಾ ನೋಡಿ. ಕೆಲವು ಮಾತ್ರೆಗಳಿಂದಲೂ ಭಯಂಕರ ಕನಸುಗಳು ಬೀಳುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಯಾರ ಹತ್ತಿರವೂ ಹೇಳಿಕೊಳ್ಳಲು ಆಗದ ದುಃಖ ಇದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕನಸು ಬಿದ್ದ ಮೇಲೆ ಹುತ್ತಕ್ಕೆ ಹಾಲು ಎರೆಯಬೇಕಾ?

ಹಾವು ಹಾಲು ಕುಡಿಯುವ ಪ್ರಾಣಿ ಅಲ್ಲ. ಹಾವಾಡಿಗರು ದಿನಗಟ್ಟಲೆ ನೀರು ಕೊಡದೆ ಇಟ್ಟು ತಂದಾಗ ಅದು ಬಾಯಾರಿ ಹಾಲಿಗೂ ಬಾಯಿ ಹಾಕುತ್ತೆ, ಆಮೇಲೆ ನರಳುತ್ತೆ. ಹುತ್ತದೊಳಗೆ ಲೀಟರುಗಟ್ಟಲೆ ಹಾಲು ಸುರಿದರೆ ಒಳಗಿದ್ದ ಜೀವಕ್ಕೆ ತೊಂದರೆ. ನಮ್ಮ ಮನೆಯಲ್ಲಿ ಈಗ ಕಲ್ಲಿಗೆ ಒಂದೇ ಚಮಚ ತನಿ ಎರೆದು, ಉಳಿದ ಹಾಲನ್ನು ಅಂಗನವಾಡಿ ಮಕ್ಕಳಿಗೆ ಕೊಡುತ್ತೇವೆ. ಅಮ್ಮ ಮೊದಲು ಒಪ್ಪಲಿಲ್ಲ. ಎರಡು ಪಂಚಮಿ ಕಳೆದ ಮೇಲೆ ತಾನೇ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿ ಕಳಿಸುತ್ತಾಳೆ.

ಕಲ್ಲಿನ ನಾಗರನಿಗೆ ಹಾಲು, ನಿಜದ ನಾಗರನಿಗೆ ದೊಣ್ಣೆ ಅಂತ 12ನೇ ಶತಮಾನದಲ್ಲೇ ಬಸವಣ್ಣ ನೊಂದು ಹೇಳಿದ್ದರು. ಮನೆಗೆ ಹಾವು ಬಂದರೆ ದೊಣ್ಣೆ ಹುಡುಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧವೂ ಹೌದು. ದೂರ ನಿಂತು ಒಬ್ಬರು ಕಣ್ಣಿಡಿ, ಇನ್ನೊಬ್ಬರು ಹಾವು ಹಿಡಿಯುವವರಿಗೆ ಫೋನ್ ಮಾಡಿ. ಮೈಸೂರಿನಲ್ಲಿ ಸ್ನೇಕ್ ಶ್ಯಾಮ್ ಹೆಸರು ಕೇಳದವರಿಲ್ಲ. ಅವರನ್ನು ನೋಡಿ ಕಲಿತ ಹುಡುಗರು ಈಗ ಊರೂರಲ್ಲೂ ಇದ್ದಾರೆ.

ಕನಸನ್ನು ಬೇರೆಯವರಿಗೆ ಹೇಳಬಹುದಾ? ಮಕ್ಕಳು ಕಂಡು ಅತ್ತರೆ?

ಕೆಟ್ಟ ಕನಸನ್ನು ಎಲ್ಲರಿಗೂ ಹೇಳಿಕೊಂಡು ತಿರುಗಬಾರದು ಅನ್ನುತ್ತಾರೆ. ಊರೆಲ್ಲ ಹೇಳಿದರೆ ಊರೆಲ್ಲ ಒಂದೊಂದು ಅರ್ಥ ಹೇಳಿ ಹೆದರಿಸುತ್ತೆ, ಅಷ್ಟಕ್ಕೆ ಆ ಮಾತು ಸರಿ. ಆದರೆ ಮಕ್ಕಳಿಗೆ "ಸುಮ್ನೆ ಮಲ್ಕೋ" ಅನ್ನಬೇಡಿ.

ನನಗೆ ಏಳು ವರ್ಷ ಇರಬೇಕು, ಹಾವು ಕಂಡು ಚೀರಿ ಎದ್ದಿದ್ದೆ. ತಾತ ಲಾಟೀನು ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಹಸುವಿನ ಕಿವಿ ಎತ್ತಿ, "ಇವಳಿಗೆ ಹೇಳು, ಇವಳು ಯಾರಿಗೂ ಹೇಳಲ್ಲ" ಅಂದರು. ಹೇಳಿದೆ. ನನ್ನ ಉಸಿರು ತಾಗಿ ಅದು ಕಿವಿ ಪಟಪಟ ಬಡಿಯಿತು, ಹುಲ್ಲಿನ ವಾಸನೆಯ ಬಿಸಿ ಉಸಿರು ಬಿಟ್ಟಿತು. ಅಲ್ಲೇ ತಾತನ ಹೆಗಲ ಮೇಲೆ ನಿದ್ದೆ ಬಂದುಬಿಟ್ಟಿತ್ತು.

ಈಗ ನಮ್ಮ ಕೊಟ್ಟಿಗೆ ಖಾಲಿ. ಮಗಳು ಹೆದರಿ ಎದ್ದರೆ ಲೈಟ್ ಹಾಕಿ ಅವಳ ಕೈಗೆ ಪೆನ್ಸಿಲ್ ಕೊಡುತ್ತೇನೆ. ಮೊನ್ನೆ ಒಂದು ಉದ್ದನೆ ಹಾವು ಬರೆದಳು. ಅದರ ಪಕ್ಕದಲ್ಲಿ ಒಂದು ಹುತ್ತ, ಹುತ್ತಕ್ಕೆ ಬಾಗಿಲು, ಬಾಗಿಲಿಗೆ ತೋರಣ.